ನಿಮಿಷಕ್ಕೆ ಎಷ್ಟು ಉಸಿರು?

ನಾನು ಪೆನ್ನು ಹಿಡಿದು ನೋಟ್‌ಬುಕ್ ತೆರೆದರೆ ಸಾಕು, ನಮ್ಮ ಗಂಗಾವತಿ ಮನೆಯಲ್ಲಿ ಯಾರದಾದರೂ ಎದೆ ಧಸಕ್ಕೆನ್ನುವಂಥದ್ದು ನಡೆದೇ ತೀರುತ್ತದೆ. ಈ ಸಲ ಮೊಮ್ಮಗಳ ಶಾಲೆಯ ವಿಜ್ಞಾನ ಪ್ರದರ್ಶನ. ಮಲಗಿದಾಗ, ಕೂತಾಗ, ಮೆಟ್ಟಿಲು ಹತ್ತಿದಾಗ, ಉಸಿರು ಬಿಗಿಹಿಡಿದಾಗ ಮನೆಯವರ ಉಸಿರಾಟ ಹೇಗಿರುತ್ತದೆಂದು ಚಾರ್ಟ್ ಮಾಡಬೇಕು. ಒಂದು ಅಂಕಿ ಸುಳ್ಳಾದರೂ ಚಾರ್ಟ್ ತೆಗೆಸುತ್ತೇನೆ ಎಂದಿದ್ದರು ಮಾಸ್ತರರು.

"ಬಿ.ಎಸ್ಸಿ. ಓದಿದ ಅಜ್ಜಿ ಅದಾಳ, ಅಂಜಬ್ಯಾಡ" ಎಂದೆ.

೧. ಮಲಗಿದವರು

ಎಣಿಸುತ್ತಿದ್ದಾರೆಂದು ಗೊತ್ತಾದರೆ ಉಸಿರಿನ ಗತಿಯೇ ಬದಲಾಗುತ್ತದೆ. ಅದಕ್ಕೆಂದೇ ಯಜಮಾನರು ಊಟ ಮಾಡಿ ಮಲಗಿದ ಮೇಲೆ ಗಡಿಯಾರ ಹಿಡಿದು ಅವರ ಮೂಗಿನ ಹತ್ತಿರ ಬಗ್ಗಿದೆ. ಹದಿನಾಲ್ಕು. ಅಷ್ಟರಲ್ಲಿ ಕಣ್ಣು ಬಿಟ್ಟರು.

"ಏನ್ ನೋಡಾಕತ್ತಿ?"

"ನಿಮ್ಮ ಉಸಿರು ನೋಡಾಕತ್ತೀನ್ರಿ."

"ಐತೇನು?" ಎಂದು ದಡಬಡಿಸಿ ಎದ್ದು ಕೂತರು.

ಮತ್ತೆ ಎಣಿಸಿದೆ. ಮೂವತ್ತು! ಒಂದು ಮೆಟ್ಟಿಲೂ ಹತ್ತಿರಲಿಲ್ಲ.

೨. ಬೀಗತಿಯ ದಾಖಲೆ

ಕುಷ್ಟಗಿಯಿಂದ ದಾಳಿಂಬೆ ತಂದಿದ್ದ ಬೀಗತಿ, ಅಂದರೆ ನನ್ನ ಸೊಸೆಯ ತಾಯಿ, ಉಸಿರು ಹಿಡಿಯಲು ತಾವೇ ಮುಂದೆ ಬಂದರು. ಕೆನ್ನೆ ಉಬ್ಬಿಸಿ ತುಟಿ ಬಿಗಿದರು. ಒಂದು ನಿಮಿಷವಾಯಿತು. ಎರಡಾಯಿತು. ಅವರ ಮುಖ ಕೆಂಪಾಗಲಿಲ್ಲ, ನಮ್ಮ ಕೈಕಾಲು ತಣ್ಣಗಾದವು. ಮೂರನೆಯ ನಿಮಿಷಕ್ಕೆ ಸೊಸೆ "ಯವ್ವಾ, ಸಾಕು ಬಿಡಬೇ!" ಎಂದು ಅಳತೊಡಗಿದಳು. ನಾನು ಮೂಗಿನ ಕೆಳಗೆ ಬೆರಳಿಟ್ಟೆ. ಬೆಚ್ಚನೆಯ ಗಾಳಿ!

"ಮೂಗಿನಿಂದ ಉಸಿರಾಡಾಕತ್ತೀರಲ್ರಿ!"

"ಬಾಯಿ ಮುಚ್ಚಿ ಕುಂತಿದ್ದ ಭಾಳ ಆತ್ರಿ ಬೀಗತ್ಯಾರ. ಮೂಗೂ ಮುಚ್ಚಬೇಕೇನು?"

೩. ನನ್ನ ಸಾಲು

ನನಗೆ ಮಂಡಿನೋವು. ಮೆಟ್ಟಿಲು ಹತ್ತದೆಯೇ ನನ್ನ ಸಾಲು ತುಂಬಿಬಿಟ್ಟಿದ್ದೆ. ಪ್ರದರ್ಶನಕ್ಕೆ ಮನೆಮಂದಿಯೆಲ್ಲ ಹೋದೆವು. ಮಾಸ್ತರರು ಸರಿಯಾಗಿ ಅಲ್ಲೇ ಬೆರಳಿಟ್ಟರು.

"ಕುಂತಾಗ ಹದಿನಾರು, ಮೆಟ್ಟಿಲು ಹತ್ತಿದ ಮ್ಯಾಲೂ ಹದಿನಾರು? ದುಡಿದ ಮೈಗೆ ಆಮ್ಲಜನಕ ಹೆಚ್ಚು ಬೇಕಲ್ರಿ ಅಮ್ಮಾರ? ಚಾರ್ಟ್ ತೆಗೀರಿ."

ಮೊಮ್ಮಗಳು ಚಾರ್ಟಿಗೆ ಅಡ್ಡ ನಿಂತಳು. ನಾನೂ ಬರೆದದ್ದನ್ನು ಹೊಡೆದುಹಾಕುವವಳಲ್ಲ.

"ಈಗ ಹತ್ತಿ ತೋರಸ್ತೀನಿ ಬರ್ರಿ" ಎಂದೆ.

ಎರಡು ಮಹಡಿ. ಏದುಸಿರು ಯಾರಿಗೂ ಕೇಳಬಾರದೆಂದು ಕೊನೆಯ ಮೆಟ್ಟಿಲುಗಳನ್ನು ಉಸಿರು ಬಿಗಿಹಿಡಿದೇ ಹತ್ತಿ, ಮಾಸ್ತರರತ್ತ ನಕ್ಕೆ. ಆಮೇಲೆ ಕಮ್ಮಾರನ ತಿದಿ ಒತ್ತಿದ ಹಾಗೆ ಶುರುವಾಯಿತು ನೋಡಿ! ಕಂಬ ಹಿಡಿದೆ. ಮಾಸ್ತರರು ಗಾಬರಿಯಾಗಿ ಕುರ್ಚಿ ತರಲು ಓಡಿದರು. ಮೊಮ್ಮಗಳು ಮಾತ್ರ ಗಡಿಯಾರದಿಂದ ಕಣ್ಣು ಕೀಳಲಿಲ್ಲ.

"ನಲವತ್ತೊಂದು! ಸರ್, ಈಗ ಖರೇ ಆತಲ್ರಿ?"

ಮಾಸ್ತರರು ತಮ್ಮ ಕೈಯಾರೆ ಹದಿನಾರು ಹೊಡೆದು ನಲವತ್ತೊಂದು ಬರೆದರು. ಚಾರ್ಟ್ ಗೋಡೆಯ ಮೇಲೇ ಉಳಿಯಿತು.

ನಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದೆ. ಮುಖದ ಮೇಲೆ ನೆರಳು ಬಿದ್ದಂತಾಯಿತು. ಕಣ್ಣು ಬಿಟ್ಟರೆ ಯಜಮಾನರು, ಮೂಗಿಗೆ ಮೂಗು ತಾಗುವಷ್ಟು ಬಗ್ಗಿದ್ದಾರೆ.

"ಏನ್ ನೋಡಾಕತ್ತೀರಿ?"

"ಐತೇನ ಅಂತ."