ಮಣಿಕಟ್ಟಿನ ಬಿಳಿ ಕಲೆ

ಮೈಯ ಬಣ್ಣ ತನ್ನ ಪಾಡಿಗೆ ತಾನಿರುವಷ್ಟು ದಿನ ಅದನ್ನು ಯಾರೂ ವಿಚಾರಿಸುವುದಿಲ್ಲ. ನನ್ನ ಬಲಗೈ ಮಣಿಕಟ್ಟಿನಲ್ಲಿ ಹುಣಿಸೆಬೀಜದಷ್ಟು ಬಿಳಿ ಕಲೆ ಮೂಡಿದ ಮೇಲೆಯೇ ನಾನೂ ಅತ್ತ ನೋಡಿದ್ದು. ನೋಡಲು ಶುರು ಮಾಡಿದವನಿಗೆ ನಿಲ್ಲಿಸಲಾಗಲಿಲ್ಲ. ಕುಂದಾಪುರದ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವುದು ನನ್ನ ಕೆಲಸ. ಗಿರಾಕಿಗಳು ಸೆರಗು ನೋಡುತ್ತಿದ್ದರೂ ನನ್ನ ಕೈಯನ್ನೇ ನೋಡುತ್ತಿದ್ದಾರೆ ಅನಿಸಿ, ಅವರು ಬೆಲೆ ಕೇಳುವ ಮೊದಲೇ ಮಡಚಿಡುತ್ತಿದ್ದೆ. ಸಾಲದ್ದಕ್ಕೆ, ತಂಗಿ ಸುಮತಿಯನ್ನು ನೋಡಲು ಆ ಭಾನುವಾರ ಬ್ರಹ್ಮಾವರದಿಂದ ಗಂಡಿನ ಕಡೆಯವರು ಬರುವವರಿದ್ದರು. ಅಣ್ಣನ ಕಲೆ ತಂಗಿಗೂ ಬಂದೀತೆಂದು ಅವರು ಹಿಂಜರಿದರೆ?

ಚರ್ಮದ ಡಾಕ್ಟರ ಬಳಿ ಓಡಿದೆ. ಅವರು ಊರಿನವರೇ, ನಿಧಾನದವರು. “ಚರ್ಮಕ್ಕೆ ಬಣ್ಣ ಕೊಡು ಜೀವಕೋಶ ಬರೀ ಪೇಂಟರ್ ಅಲ್ಲ ಮಾರಾಯ್ರೆ. ಒಳ್ಗೆ ಎಂತಾರೂ ಹೆಚ್ಚುಕಮ್ಮಿ ಆದ್ರೆ ಅದೂ ಬೊಬ್ಬೆ ಹೊಡಿತ್ತ್. ರೋಗ ತಡಿವ ಮೈಕಾವಲಿನವ್ರ್ ಓಡಿ ಬತ್ರ್. ಕೆಲವ್ರಲ್ಲಿ, ಬಂದವ್ರ್ ಬೊಬ್ಬೆ ಹೊಡ್ದವನಿಗೇ ಬಡಿತ್ರ್. ಅವ ಸತ್ತಲ್ಲಿ ಬಿಳಿ ಆತ್ತ್” ಎಂದರು.

“ತಂಗಿಗೆ?”

“ಸಂಬಂಧದವ್ರಿಗೆ ಬಪ್ಪು ಸಾಧ್ಯತೆ ಸ್ವಲ್ಪ ಹೆಚ್ಚ್. ಬಂದೇ ಬತ್ತ್ ಅಂದೇಳಿ ಅಲ್ಲ. ಅಂಟು ರೋಗವೂ ಅಲ್ಲ. ಮುಲಾಮು ಹಚ್ಚಿ, ಮಂಡೆಬಿಸಿ ಮಾಡ್ಕಣ್ಬೇಡಿ.”

ಮುಲಾಮು ಹಚ್ಚಿದೆ. ಮಂಡೆಬಿಸಿ ಮಾತ್ರ ನನ್ನ ಹತೋಟಿಯಲ್ಲಿರಲಿಲ್ಲ.

ಭಾನುವಾರ ಆ ಬಿಸಿಲಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಗುಂಡಿ ಹಾಕಿ, ಬೆವರುತ್ತ ಕುಳಿತೆ. ಹುಡುಗನ ತಾಯಿ ನನ್ನನ್ನೇ ನೋಡಿ, “ಎಂತ, ಈ ಸೆಕಿಗೆ ತುಂಬುತೋಳು?” ಎಂದರು. ನಾನು ತಡವರಿಸುವಷ್ಟರಲ್ಲಿ, ಕಾಫಿ ತಂದ ಸುಮತಿ ತಟ್ಟೆ ಕೆಳಗಿಟ್ಟಳು. “ಅಣ್ಣಂಗೆ ಕೈಯಲ್ಲಿ ಬಿಳಿ ಕಲೆ ಆಯ್ತ್. ಹುಗ್ಸುಕೆ ಹಾಕ್ಕಂಡದ್. ನಂಗೂ ಬಂದ್ರೆ ಬಂತ್. ಬ್ಯಾಡ ಅಂದ್ರೆ ಈಗ್ಳೇ ಹೇಳಿ.”

ಎಲ್ಲರ ಕಣ್ಣೂ ನನ್ನ ತೋಳಿನ ಮೇಲೆ ಬಿತ್ತು. ನನಗೆ ತಡೆಯಲಾಗಲಿಲ್ಲ. ಅಂಗಿಯ ತೋಳು ಮಡಚಿ ಕಲೆ ತೋರಿಸಿ, ಜೀವಕೋಶ, ಬೊಬ್ಬೆ, ಕಾವಲಿನವರು, ತಪ್ಪಿ ಬಿದ್ದ ಪೆಟ್ಟು ಎಲ್ಲವನ್ನೂ ವಿವರಿಸತೊಡಗಿದೆ. ಕಾಫಿ ಆರಿತು. ಹುಡುಗ ಆಕಳಿಸಿದ. ಅವರು “ಹೇಳಿ ಕಳ್ಸ್ತೊ” ಎಂದು ಎದ್ದಾಗಲೂ ನಾನು ಗೇಟಿನವರೆಗೆ ಹೇಳುತ್ತಲೇ ಹೋದೆ.

ಮರುದಿನವಿಡೀ ಫೋನಿನ ಸುತ್ತ ಸುತ್ತಿದೆ. ಸಂಜೆ ಅದು ಬಡಿದುಕೊಂಡಾಗ ಎತ್ತಲು ಧೈರ್ಯವಾಗದೆ ಸುಮತಿಗೆ ಕೊಟ್ಟೆ. ಅವಳು ಕೇಳಿಸಿಕೊಂಡಳು, ನಕ್ಕಳು, ಇಟ್ಟಳು. “ಒಪ್ಪಿರ್. ಕಲೆ ದೊಡ್ಡ ಸಂಗತಿ ಅಲ್ಲ ಅಂಬ್ರ್. ಮದಿ ದಿನ ಅಣ್ಣ ಮಾತಾಡ್ದೆ ಇದ್ರೆ ಸಾಕಂಬ್ರ್.”

ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದವರು ನನ್ನ ಕೈ ನೋಡಿ, “ಇದೆಂತ ಮಾರಾಯ್ರೆ?” ಎಂದರು. ನನ್ನ ಬಾಯಿ ತೆರೆಯಿತು. ಎದುರು ಸಾಲಿನಿಂದ ಮದುಮಗಳು ನೋಡುತ್ತಿದ್ದಳು. ಬಡಿಸುವವರನ್ನು ಕರೆದು, ಪಾಯಸ ಹಾಕಿ ಎಂದೆ.