ಗೌಡ್ರ ಕಾರಿನ ಕೆಂಪು ದೀಪ

ಗ್ಯಾರೇಜು ಇಟ್ಟವನ ಬಾಯಿಗೆ ನಗು ಹುಡುಕಿಕೊಂಡು ಬರುತ್ತದೆ, ಬರುವಾಗ ಕೈಗೆ ಗ್ರೀಸೂ ಹಚ್ಚುತ್ತದೆ. ಮೂಡಿಗೆರೆಯಲ್ಲಿ ನಾನು ಗ್ಯಾರೇಜು ನಡೆಸುತ್ತಿದ್ದಾಗ ಜಾವಳಿ ಕಡೆಯ ಒಬ್ಬ ಗೌಡ್ರು ಒಂದು ಕೆಂಪು ಫಾರಿನ್ ಕಾರು ತಂದರು. ತೊಂಬತ್ತರ ದಶಕದ ಕೊನೆ. ಎಸ್ಟೇಟ್ ರಸ್ತೆಗಳಲ್ಲಿ ನಡೆಯುವ ರ್‍ಯಾಲಿಗೆ ಅದನ್ನು ಇಳಿಸಬೇಕೆಂಬ ಹಟ ಅವರದು. ಕಾರು ಬಾಣದ ಹಾಗೆ ಓಡುತ್ತಿತ್ತು. ಆದರೆ ಆಯಿಲ್ ದೀಪ ಮನಸ್ಸು ಬಂದಾಗ ಹತ್ತುತ್ತಿತ್ತು, ಮನಸ್ಸು ಬಂದಾಗ ಆರುತ್ತಿತ್ತು. ಇಂಜಿನ್ನಿಗೆ ಆಯಿಲ್ ಸಿಗುತ್ತಿಲ್ಲ ಅಂತ ಅದರ ಅರ್ಥ. ಅಲಕ್ಷ್ಯ ಮಾಡಿದರೆ ಇಂಜಿನ್ನೇ ಜಾಮ್.

ನಾಚಿಕೆ ಸ್ವಭಾವದ ದೀಪ

ಗ್ಯಾರೇಜಿನಲ್ಲಿ ಅದು ಹತ್ತಲೇ ಇಲ್ಲ. ಆಲ್ದೂರು ರಸ್ತೆಯಲ್ಲಿ ಗೌಡ್ರ ಪಕ್ಕ ಕೂತು ಹೋದೆ, ಆಗಲೂ ಇಲ್ಲ.

"ನಿಮ್ಮನ್ನು ಕಂಡ್ರೆ ಅದಕ್ಕೆ ನಾಚಿಕೆ. ನೀವು ಇಲ್ಲೇ ಇಳೀರಿ, ನಾನೊಬ್ನೇ ಒಂದು ಸುತ್ತು ಹೋಗಿ ಬರ್ತೀನಿ" ಅಂದರು.

ಇಳಿದೆ. ಹೋದವರು ಬರಲೇ ಇಲ್ಲ. ಕಾದು ಕಾದು, ಕಾಫಿ ಮೂಟೆ ತುಂಬಿದ ಜೀಪಿನ ಹಿಂದೆ ನೇತಾಡಿಕೊಂಡು ಮೂಡಿಗೆರೆಗೆ ಬಂದರೆ, ಗೌಡ್ರು ಗ್ಯಾರೇಜಿನ ಬಾಗಿಲಲ್ಲಿ ಸಿಡಿಮಿಡಿಗುಟ್ಟುತ್ತಾ ನಿಂತಿದ್ದಾರೆ.

"ಎಲ್ಲಿ ಹೋಗಿದ್ರಿ ಮಾರಾಯ್ರೆ? ದೀಪ ಹತ್ತಿತು, ತೋರಿಸೋಣ ಅಂತ ಓಡಿ ಬಂದ್ರೆ ನೀವೇ ಇಲ್ಲ!"

ಅಮ್ಮನವರ ರಿಪೇರಿ

ದೀಪ ಹತ್ತಿಸುವ ಆಯಿಲ್ ಸ್ವಿಚ್ಚನ್ನೇ ಬದಲಾಯಿಸಿ ಕಾರು ಕಳಿಸಿದೆ. ಒಂದು ವಾರ ಬಿಟ್ಟು ಗೌಡ್ರು ಕಿತ್ತಳೆ ಬುಟ್ಟಿ ಹೊತ್ತು ಬಂದರು. "ನೀವು ಸ್ವಿಚ್ಚು ಬದಲಾಯಿಸಿದ ಮೇಲೆ ದೀಪ ಒಂದು ಸಲವೂ ಹತ್ತಿಲ್ಲ. ಭೇಷ್!"

ನಾನೂ ಎದೆಯುಬ್ಬಿಸಿ ಕಾರಿನೊಳಗೆ ಇಣುಕಿದೆ. ದೀಪದ ಮೇಲೆ ಅಚ್ಚುಕಟ್ಟಾಗಿ ಒಂದು ಕಪ್ಪು ಸ್ಟಿಕ್ಕರ್ ಬೊಟ್ಟು!

ಪಕ್ಕದ ಸೀಟಿನಲ್ಲಿದ್ದ ಗೌಡ್ರ ಹೆಂಡತಿ ಮೆಲ್ಲಗೆ ಅಂದರು: "ಅದು ಹತ್ತಿದ ದಿನ ಇವ್ರು ಊಟ ಮಾಡಲ್ಲ, ನಮಗೂ ಮಾಡೋಕೆ ಬಿಡಲ್ಲ. ಕಿತ್ತಳೆ ತಿನ್ನಿ, ಸುಮ್ಮನಿರಿ."

ಹತ್ತಿತಾ?

ಬೊಟ್ಟು ಕಿತ್ತೆ. ರ್‍ಯಾಲಿ ಹತ್ತಿರ ಬಂದಿತ್ತು. ದೀಪದ ಕಳ್ಳತನ ಹಿಡಿಯಲು ಗೌಡ್ರ ಜೊತೆ ಹೊರಟು, ಕಳಸ ದಾಟಿ ಹೊರನಾಡಿನ ದಾರಿಯಲ್ಲಿ ಕಾರು ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿದೆ.

"ನಾನು ಒಂದೊಂದೇ ವಯರ್ ಅಲ್ಲಾಡಿಸ್ತೀನಿ. ದೀಪ ಹತ್ತಿದ್ರೆ ಕೂಗಿ ಗೌಡ್ರೆ" ಅಂದೆ. ಗೌಡ್ರು ಕಾಫಿ ಗಿಡಗಳ ಮರೆಗೆ ಹೋಗಿದ್ದು ಬಾನೆಟ್ಟಿನ ಹಿಂದಿದ್ದ ನನಗೆ ಗೊತ್ತಾಗಲಿಲ್ಲ.

"ಹತ್ತಿತಾ?"

"ಇಲ್ಲ, ಇನ್ನೂ ಹತ್ತಿಲ್ಲ."

ಇನ್ನೊಂದು ವಯರ್ ಎಳೆದೆ. "ಈಗ ಹತ್ತಿತಾ?"

"ಹೂಂ, ಹತ್ತಿತು, ಹತ್ತಿತು! ಹೋಗುವ!"

ಸಿಕ್ಕಿತು ಕಳ್ಳ ವಯರ್! ಟೇಪು ಸುತ್ತಿ, ಗೆದ್ದವನಂತೆ ಬಾನೆಟ್ ಮುಚ್ಚಿದರೆ ಹಿಂದಿನ ಸೀಟಿನಲ್ಲಿ ಒಬ್ಬರು ಅಜ್ಜ, ಒಬ್ಬರು ಅಜ್ಜಿ, ಅಜ್ಜಿಯ ಮಡಿಲಲ್ಲಿ ಬಾಳೆಗೊನೆ. ಬಸ್ಸಿಗೆ ಕಾಯುತ್ತಿದ್ದವರು.

"ಪಾಪ, ಒಳ್ಳೆಯವರು" ಅಂದರು ಅಜ್ಜ. "ನಮ್ಮ ಮುದುಕಿ ಹತ್ತಿತಾ, ಹತ್ತಿತಾ ಅಂತ ಎಷ್ಟು ವಿಚಾರಿಸಿದ್ರಿ!"

ವಾಪಸು ಬಂದ ಗೌಡ್ರಿಗೆ ಇಳಿಸಲು ಮನಸ್ಸು ಬರಲಿಲ್ಲ. "ದೇವಸ್ಥಾನದ ಊಟಕ್ಕೆ ತಡ ಆಗುತ್ತೆ, ಸ್ವಲ್ಪ ಬೇಗ" ಅಂದರು ಅಜ್ಜ. ಗೌಡ್ರಿಗೆ ಅಷ್ಟೇ ಸಾಕಾಯಿತು. ಮೊದಲ ದೊಡ್ಡ ತಿರುವಿನಲ್ಲಿ ಕಾರು ವಾಲಿತು, ದೀಪ ಝಗ್ ಅಂತು.

"ಅಯ್ಯೋ, ಹೊಟ್ಟೇಲಿರೋ ಕಾಫಿಯೆಲ್ಲ ಒಂದೇ ಪಕ್ಕಕ್ಕೆ ಬಂತು!" ಅಂದರು ಅಜ್ಜಿ.

ನನ್ನ ತಲೆಯೊಳಗೂ ದೀಪ ಹೊತ್ತಿಕೊಂಡಿತು. ವೇಗದ ತಿರುವಿನಲ್ಲಿ ಇಂಜಿನ್ನಿನ ಆಯಿಲೂ ಒಂದೇ ಪಕ್ಕಕ್ಕೆ ಸರಿದು, ಪಂಪಿಗೆ ಸಿಗದೆ ಹೋಗುತ್ತಿದೆ! ಆಮೇಲೆ ಆಯಿಲ್ ನಿಲ್ಲುವ ಕಡೆ ಅಡ್ಡ ತಗಡು ಕೂರಿಸಿದೆ, ರ್‍ಯಾಲಿ ಮುಗಿಯುವವರೆಗೂ ದೀಪ ಕಣ್ಣು ಬಿಡಲಿಲ್ಲ. ಆದರೆ ಅವತ್ತು ಗೌಡ್ರಿಗೆ ಖಾತ್ರಿಯಾಗಬೇಕಿತ್ತು. ಮುಂದಿನ ತಿರುವಿಗೂ ಹಾಗೇ ನುಗ್ಗಿಸಿದರು. ನಾವಿಬ್ಬರೂ ದೀಪ ನೋಡಿ ಖುಷಿಯಿಂದ ಒಟ್ಟಿಗೇ ಕಿರುಚಿದೆವು: "ಹತ್ತಿತು! ಹತ್ತಿತು!"

ಅಜ್ಜಿ ಬಾಳೆಗೊನೆ ಅವುಚಿಕೊಂಡು ಸೀಟಿನ ತುಂಬ ಅಗಲವಾಗಿ ಕೂತರು.

"ಇನ್ನು ಯಾರನ್ನೂ ಹತ್ತಿಸಬೇಡಿ ಮಾರಾಯ್ರೆ, ಇಲ್ಲಿ ಜಾಗ ಇಲ್ಲ!"