ಮೂರನೆಯ ರೊಟ್ಟಿ

ತೋತ್ರಾಜ್‌ಗೆ ಬಂದ ಕಷ್ಟಕ್ಕೆಲ್ಲ ಅವನ ನಾಲಿಗೆಯೇ ಕಾರಣ. ಹತ್ತು ದಿನದ ಹಿಂದೆ ಅವನ ತಾಯಿ ಮಿನಾತ್‌ಳನ್ನು ಪಿತ್ತಕೋಶದ ಆಪರೇಷನ್ನಿಗೆಂದು ಕರೆದೊಯ್ದಾಗ, ಆಂಬುಲೆನ್ಸು ಗೇಟು ದಾಟುವ ಮೊದಲೇ ಅವನು ಅಂಗಳದ ನಡುವೆ ನಿಂತು ಎರಡೂ ಕೈ ಎತ್ತಿ, "ದೇವರೇ, ಅಮ್ಮ ನಡಕೊಂಡು ಮನೆಗೆ ಬಂದ್ರೆ ನನ್ನ ಕೈಯಾರೆ ಮೂರು ರೊಟ್ಟಿ ಮಾಡಿ ಅಂಗಳಕ್ಕೆಲ್ಲ ಹಂಚ್ತೀನಿ!" ಎಂದು ಕೂಗಿಬಿಟ್ಟ. ಮನಸ್ಸಿನಲ್ಲೇ ಹೇಳಿಕೊಂಡಿದ್ದರೆ ದೇವರು ಮರೆತರೂ ಮರೆಯುತ್ತಿದ್ದನೇನೋ. ಆದರೆ ವ್ಲಾದಿಕವ್ಕಾಜ್ ಪಟ್ಟಣದ ಆ ಹಳೇ ವಠಾರದ ಅಂಗಳಕ್ಕೆ ನಲವತ್ತು ಕಿಟಕಿಗಳು. ನಲವತ್ತಕ್ಕೂ ಕಿವಿ ಇತ್ತು.

ರೊಟ್ಟಿ ಎಂದರೆ ಬರೀ ರೊಟ್ಟಿಯಲ್ಲ. ಕಣಕದೊಳಗೆ ಉಪ್ಪುಪ್ಪಾದ ಚೀಸಿನ ಹೂರಣ ತುಂಬಿ, ತಟ್ಟೆಯಗಲ ತಟ್ಟಿ, ಒಲೆಯಲ್ಲಿ ಬೇಯಿಸಿ, ಬೆಣ್ಣೆ ಸುರಿದು ಕೊಡುವಂಥದ್ದು. ಹೆಂಗಸರ ಕೆಲಸ. ಆ ಊರಿನಲ್ಲಿ ಗಂಡಸು ಕಣಕ ನಾದುವುದೂ ಒಂದೇ, ಹೋರಿ ಹಾಲು ಕರೆಯುವುದೂ ಒಂದೇ.

"ನೀನೇ ಮಾಡಿಕೊಟ್ಬಿಡು, ದೇವರಿಗೇನು ಗೊತ್ತಾಗತ್ತೆ?" ಎಂದು ಅವನು ಹೆಂಡತಿ ಜಮೀರಾಳನ್ನು ಗೋಗರೆದ.

"ದೇವರಿಗೆ ಗೊತ್ತಾಗ್ದೇ ಇದ್ರೂ ಗೊಸಾದಾಗೆ ಗೊತ್ತಾಗತ್ತೆ ರೀ" ಎಂದು ಜಮೀರಾ ಎದುರು ಮನೆಯ ಕಿಟಕಿಯತ್ತ ಕಣ್ಣು ಹೊರಳಿಸಿದಳು. "ಹರಕೆ ನಿಮ್ದು, ಕೈಯೂ ನಿಮ್ದೇ ಇರ್ಲಿ. ಇವತ್ತು ಎರಡು ಗಂಟೆಗೆ ಆಸ್ಪತ್ರೆಯಿಂದ ಅತ್ತೇನ ಕರಕೊಂಡು ಬರ್ತೀನಿ. ಅಷ್ಟರೊಳಗೆ ಮುಗಿಸಿ. ಅರ್ಧಕ್ಕೆ ಬಿಟ್ರೆ ಅವರೇನಂತಾರೆ ಗೊತ್ತಲ್ಲ?"

ಗೊತ್ತಿಲ್ಲದೆ ಏನು! "ಹಿಡಿದ ಒಂದು ಕೆಲ್ಸಾನೂ ಮುಗಿಸಿದೋನಲ್ಲ ಇವನು" ಎಂಬುದು ಮಿನಾತ್‌ಳ ನಿತ್ಯದ ಮಂತ್ರ. ತೋತ್ರಾಜ್‌ಗೆ ನಲವತ್ತಾರು ವರ್ಷ. ಟ್ರಾಮ್ ಡಿಪೋದಲ್ಲಿ ರಿಪೇರಿ ಕೆಲಸ. ಊರಿನ ಟ್ರಾಮುಗಳೆಲ್ಲ ಅವನ ಕೈಯಿಂದ ಓಡುತ್ತಿದ್ದವು. ಮನೆಯಲ್ಲಿ ಮಾತ್ರ ಅವನು ಶುರುಮಾಡಿದ ಗೋಡೆಯ ಬೀರುವಿಗೆ ಬಾಗಿಲಿರಲಿಲ್ಲ, ಬಣ್ಣ ಹಚ್ಚಿದ ಗೇಟು ಅರ್ಧ ಹಸಿರು, ಅರ್ಧ ತುಕ್ಕು. ಇವತ್ತಾದರೂ ಅಮ್ಮ ಒಳಗೆ ಕಾಲಿಡುವಾಗ ಮೇಜಿನ ಮೇಲೆ ಮೂರು ರೊಟ್ಟಿ ಇರಬೇಕು, ಅವಳು ಒಂದು ಸಲ, ಒಂದೇ ಒಂದು ಸಲ, ಭೇಷ್ ಅನ್ನಬೇಕು. ಅವನಿಗೆ ಬೇಕಿದ್ದದ್ದು ಅಷ್ಟೇ.

ಹಿಟ್ಟಿಗೆ ನೀರು ಹಾಕುತ್ತಿದ್ದಂತೆ ಎದುರು ಕಿಟಕಿಯ ಗೊಸಾದಾ ದಿಂಬಿನ ಮೇಲೆ ಮೊಣಕೈ ಊರಿ ಕೂತಳು.

"ನೀರು ಜಾಸ್ತಿ ಆಯ್ತಪ್ಪಾ."

ಹಿಟ್ಟು ಹಾಕಿದ.

"ಈಗ ಗಟ್ಟಿಯಾಯ್ತು."

ನೀರು ಹಾಕಿದ.

"ಅಯ್ಯೋ ದೇವರೇ, ರೊಟ್ಟಿ ಮಾಡ್ತಿದ್ದೀಯೋ, ಗೋಡೆಗೆ ಗಾರೆ ಕಲಸ್ತಿದ್ದೀಯೋ? ನೋಡು ತಮ್ಮಾ, ಏನಾದ್ರೂ ಮಾಡು, ಮೂರು ಮಾತ್ರ ಮಾಡು. ದೇವರಿಗೊಂದು, ಸೂರ್ಯನಿಗೊಂದು, ಭೂಮಿಗೊಂದು. ಎರಡಿಟ್ಟು ಅಮ್ಮನ್ನ ಮಣ್ಣಿಗೆ ಕಳಿಸ್ಬೇಡ."

"ಎರಡು ಇಡೋದು ಸತ್ತವರ ಮನೇಲಿ ಅಂತ ನನಗೂ ಗೊತ್ತು ಗೊಸಾದಕ್ಕಾ, ನಾನೇನು ನಿನ್ನೆ ಹುಟ್ಟಿದೋನಾ?" ಎಂದು ತೋತ್ರಾಜ್ ಸಿಡುಕಿದ.

ಮೊದಲ ರೊಟ್ಟಿಗೆ ಪ್ರೀತಿಯಿಂದ ಎರಡು ರೊಟ್ಟಿಯ ಹೂರಣ ತುಂಬಿದ. ಆವಿ ಹೋಗಲು ನಡುವೆ ತೂತು ಮಾಡಬೇಕಿತ್ತು, ಮರೆತ. ಒಲೆಯೊಳಗೆ ಅದು ಕೋಪಬಂದ ಮಾವನ ಹಾಗೆ ಉಬ್ಬಿ ಉಬ್ಬಿ, ಢಬ್ ಎಂದು ಒಡೆದು, ಚೀಸೆಲ್ಲ ಬೆಂಕಿಗೆ ಸುರಿದು ಕರಿ ಹೊಗೆ ಎದ್ದಿತು. ಅದನ್ನು ಕಸದ ಡಬ್ಬಿಗೆ ಹಾಕಿ, ಗೊಸಾದಾ ನೋಡಬಾರದೆಂದು ಮೇಲೆ ಪೇಪರು ಮುಚ್ಚಿದ. ಮುಂದಿನ ಎರಡು ರೊಟ್ಟಿ ಮಾತ್ರ ದೇವರ ದಯೆಯಿಂದ ಬಂಗಾರದ ಬಣ್ಣಕ್ಕೆ ಬಂದವು. ಬೆಣ್ಣೆ ಸವರಿ, ಆರಲಿ ಎಂದು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟ. ಮೂರನೆಯದಕ್ಕೆ ಕಣಕವಿತ್ತು, ಚೀಸು ಮುಗಿದಿತ್ತು. ಗಂಟೆ ಹನ್ನೆರಡಾಗಿತ್ತು.

ಏಪ್ರನ್ನು ಕಿತ್ತೆಸೆದು, ಟೋಪಿಯಿಲ್ಲದೆ, ಹೊಗೆಗೆ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ ಓಡಿದ.

"ಏನಾಯ್ತೋ ತೋತ್ರಾಜ್?" ಎಂದು ಗೊಸಾದಾ ಕೂಗಿದಳು.

ರೊಟ್ಟಿ ಸುಟ್ಟುಹೋಯ್ತು ಎಂದು ಹೇಳಿ ಅವಳ ಬಾಯಿಗೆ ಸಿಕ್ಕಿಬೀಳಲು ಅವನಿಗೇನು ಹುಚ್ಚೇ? ತಲೆತಗ್ಗಿಸಿ, ಕೈ ಅಲ್ಲಾಡಿಸಿ ಗೇಟು ದಾಟಿದ.

ಗೊಸಾದಾ ಕಿಟಕಿಯಿಂದ ಮುಂದಕ್ಕೆ ಬಾಗಿ ಅವನ ಮೇಜು ನೋಡಿದಳು. ಎರಡು ರೊಟ್ಟಿ. ಕಣ್ಣುಜ್ಜಿ ಮತ್ತೆ ನೋಡಿದಳು. ಎರಡೇ. ಅವನ ಫೋನಿಗೆ ಕರೆ ಮಾಡಿದರೆ, ಅದು ಆ ಎರಡು ರೊಟ್ಟಿಗಳ ಪಕ್ಕದಲ್ಲೇ ಹಿಟ್ಟು ಮೆತ್ತಿಕೊಂಡು ಅನಾಥವಾಗಿ ಬಡಕೊಂಡಿತು. ಜಮೀರಾಗೆ ಮಾಡೋಣವೆಂದರೆ, ಇಂಥ ವಿಷಯವನ್ನು ಫೋನಿನಲ್ಲಿ ಕೇಳುವುದುಂಟೇ? ಗೊಸಾದಾ ಪೆಟ್ಟಿಗೆ ತೆರೆದು ಕಪ್ಪು ಶಾಲು ಹೊದ್ದಳು. ಅವಳ ಬಾಯಿ ದೊಡ್ಡದೇ ಹೊರತು ಮನಸ್ಸು ಕೆಟ್ಟದ್ದಲ್ಲ. ಮೆಟ್ಟಿಲಿಳಿಯುವಾಗ ಅವಳು ನಿಜಕ್ಕೂ ಅಳುತ್ತಿದ್ದಳು.

ತೇರೆಕ್ ಹೊಳೆಯಾಚೆಯ ಸಂತೆಗೆ ಹೋಗಿ, ಒಳ್ಳೆಯ ಚೀಸು ಹುಡುಕಿ ತೋತ್ರಾಜ್ ಹಿಂದಿರುಗುವಷ್ಟರಲ್ಲಿ ಒಂದೂವರೆ ಗಂಟೆ. ಗೇಟಿನಲ್ಲೇ ಅವನ ಕಾಲು ನಿಂತಿತು. ಅಂಗಳದಲ್ಲಿ ಐದು ಉದ್ದ ಮೇಜು ಹಾಕಿದ್ದರು. ಗಂಡಸರು ಟೋಪಿ ತೆಗೆದು, ಕೈ ಇಳಿಬಿಟ್ಟು ಸಾಲಾಗಿ ನಿಂತಿದ್ದರು. ಕಪ್ಪು ಶಾಲಿನ ಹೆಂಗಸರು ಬೆಂಚಿನ ಮೇಲೆ ಕೂತು ಗೋಳಾಡುತ್ತಿದ್ದರು.

'ಅಯ್ಯೋ, ಯಾರೋ ಹೋಗ್ಬಿಟ್ರಲ್ಲಪ್ಪಾ' ಎಂದುಕೊಂಡ ತೋತ್ರಾಜ್. ಆದರೆ ಸಾವಿನ ಮನೆಯಲ್ಲಿ ನಿಂತು 'ಯಾರು ಹೋದ್ರು?' ಎಂದು ಕೇಳುವವನಿಗಿಂತ ಮರ್ಯಾದೆಗೆಟ್ಟವನು ಆ ಊರಿನಲ್ಲಿಲ್ಲ. ಚೀಸಿನ ಪೊಟ್ಟಣ ಬೆನ್ನ ಹಿಂದೆ ಹಿಡಿದು, ತಲೆ ತಗ್ಗಿಸಿ, ಸಾಲಿನ ಕೊನೆಗೆ ಸೇರಿಕೊಂಡ. ಓರೆಗಣ್ಣಿನಲ್ಲಿ ಒಬ್ಬೊಬ್ಬರನ್ನೇ ಎಣಿಸಿದ. ವಠಾರದ ಹಿರಿಯ ಬಿಬೋ ಅಜ್ಜ ಕಾಣಲಿಲ್ಲ. ಎಂಬತ್ತೊಂಬತ್ತು ವರ್ಷ. ಪಾಪ, ನಿನ್ನೆ ತಾನೇ ಪಗಡೆಯಲ್ಲಿ ಸೋಲಿಸಿ ಗೇಲಿ ಮಾಡಿದ್ದೆನಲ್ಲ ಎಂದು ತೋತ್ರಾಜ್‌ನ ಕಣ್ಣು ತುಂಬಿತು.

ಅಷ್ಟರಲ್ಲಿ ಹಿಂದಿನಿಂದ ಹೆಗಲ ಮೇಲೊಂದು ಕೈ ಬಿತ್ತು. ತಿರುಗಿದರೆ ಬಿಬೋ ಅಜ್ಜ! ತೋತ್ರಾಜ್ ಕಿಟಾರನೆ ಕಿರುಚುವುದೊಂದು ಬಾಕಿ.

"ಇಲ್ಲಿ ಯಾಕೆ ನಿಂತೆ ಮಗಾ? ನಿನ್ನ ಜಾಗ ಮುಂದೆ" ಎಂದು ಅಜ್ಜ ಅವನನ್ನು ಎಲ್ಲರೆದುರಿಗೆ ತಂದು ನಿಲ್ಲಿಸಿ, ಕೋಲೂರಿ ಗಂಟಲು ಸರಿಮಾಡಿಕೊಂಡ. "ಏನು ಹೇಳ್ಲಪ್ಪಾ! ಮಿನಾತ್ ಅಂಥ ಹೆಂಗಸು ಈ ವಠಾರಕ್ಕೆ ಇನ್ನು ಬರಲ್ಲ."

ಚೀಸಿನ ಪೊಟ್ಟಣ ದೊಪ್ಪನೆ ಕೆಳಗೆ ಬಿತ್ತು. ತಾನು ಸಂತೆಯಲ್ಲಿದ್ದಾಗ ಆಸ್ಪತ್ರೆಯಿಂದ ಸುದ್ದಿ ಬಂದಿರಬೇಕು! ಊರಿಗೆಲ್ಲ ತಿಳಿದು, ಹೆತ್ತ ಮಗನಿಗೆ ಕೊನೆಗೆ ತಿಳಿಯಿತೇ? ಬೆಳಿಗ್ಗೆಯೇ ಹರಕೆ ಮುಗಿಸಿದ್ದರೆ ಅಮ್ಮ ಉಳಿಯುತ್ತಿದ್ದಳು. ಆ ಹಾಳು ತೂತು ಮರೆತದ್ದಕ್ಕೆ ಅಮ್ಮ ಹೋದಳು. 

"ಈ ಬೆಂಚಿನ ಮೇಲೆ ಕೂತು ದಿನಾ ಹೇಳೋಳು" ಎಂದು ಅಜ್ಜ ಮುಂದುವರಿಸಿದ, "'ಬಿಬೋ, ನನ್ನ ತೋತ್ರಾಜ್‌ನಂಥ ಮಗ ಕೋಟಿಗೊಬ್ಬ. ಬಂಗಾರದ ಕೈ ಅವಂದು' ಅಂತ."

ನಲವತ್ತಾರು ವರ್ಷ ಕಾದ ಮಾತು! ತೋತ್ರಾಜ್ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಅವನು ಅಳುವುದನ್ನು ನೋಡಿ ಮೇಸ್ತ್ರಿಗಳು, ಡ್ರೈವರುಗಳು, ಒಬ್ಬ ರಿಟೈರ್ಡ್ ಪೊಲೀಸೂ ಅತ್ತರು.

ಆಗ ಗೇಟಿನ ಬಳಿ ಟ್ಯಾಕ್ಸಿ ನಿಂತಿತು. ಜಮೀರಾಳ ತೋಳು ಹಿಡಿದು ಮಿನಾತ್ ಮೆಲ್ಲಗೆ ಇಳಿದಳು. ಅಂಗಳ ನೋಡಿದಳು. ಅವಳಿಗೂ ಮರ್ಯಾದೆ ಗೊತ್ತು, ಯಾರನ್ನೂ ಏನೂ ಕೇಳಲಿಲ್ಲ. ಸೊಸೆಯ ಕೈ ಬಿಡಿಸಿಕೊಂಡು, ತಲೆವಸ್ತ್ರ ಹಣೆಗೆಳೆದು, ನೇರ ಹೆಂಗಸರ ಬೆಂಚಿಗೆ ಹೋಗಿ ಗೊಸಾದಾಳ ಪಕ್ಕ ಕೂತು ದನಿ ಎತ್ತಿದಳು. "ಅಯ್ಯೋ, ನಮ್ಮನ್ನೆಲ್ಲ ಬಿಟ್ಟು ಹೋದ್ಯಲ್ಲಾ! ವಠಾರದ ದೀಪ ಆರಿ ಹೋಯ್ತಲ್ಲಾ!"

ಗೊಸಾದಾ ಮುಖ ಶಾಲಿನಲ್ಲಿ ಮುಚ್ಚಿಕೊಂಡೇ ಅವಳ ಬೆನ್ನು ಸವರಿದಳು. "ಸಮಾಧಾನ ಮಾಡ್ಕೋ ಮಿನಾತಕ್ಕಾ, ಆಪರೇಷನ್ ಆದ ಮೈ ನಿಂದು..."

ಅಷ್ಟು ಹೇಳಿ ನಿಲ್ಲಿಸಿದಳು. ಶಾಲು ಸರಿಸಿ ನೋಡಿದಳು. ಆಮೇಲೆ ಅವಳು ಕಿರುಚಿದ್ದಕ್ಕೆ ಸೂರಿನ ಪಾರಿವಾಳಗಳೆಲ್ಲ ಹಾರಿಹೋದವು. ಬೆಂಚು ಮಗುಚಿಬಿತ್ತು. ಹೆಂಗಸರು ದಿಕ್ಕಾಪಾಲಾಗಿ ಓಡಿದರು, ರಿಟೈರ್ಡ್ ಪೊಲೀಸು ಎಲ್ಲರಿಗಿಂತ ಮುಂದಿದ್ದ. ತೋತ್ರಾಜ್ ಒಬ್ಬನೇ ಓಡಿಹೋಗದೆ ಓಡಿಬಂದು ತಾಯಿಯನ್ನು ತಬ್ಬಿಕೊಂಡ. ದೆವ್ವವಾದರೂ ಸರಿ, ಅಮ್ಮನಲ್ಲವೇ?

"ಬಿಡೋ ದಡ್ಡಾ, ಹೊಲಿಗೆ ಬಿಚ್ಚೀತು!" ಎಂದಳು ಮಿನಾತ್.

ವಿಚಾರಣೆಗೆ ಹೊತ್ತು ಹಿಡಿಯಲಿಲ್ಲ. ಗೊಸಾದಾ ತೋತ್ರಾಜ್‌ನ ಕಿಟಕಿಯತ್ತ ಬೆರಳು ತೋರಿಸಿದಳು. ಎರಡು ರೊಟ್ಟಿ ಬಿಸಿಲಿನಲ್ಲಿ ಮಿರಮಿರ ಮಿಂಚುತ್ತಿದ್ದವು.

"ಮೂರನೇದೆಲ್ಲೋ?" ಎಂದಳು ತಾಯಿ.

"ಸುಟ್ಟೋಯ್ತಮ್ಮಾ. ಚೀಸು ತರೋಕೆ ಹೋಗಿದ್ದೆ."

"ನೋಡಿದ್ರಾ? ಹಿಡಿದ ಒಂದು ಕೆಲ್ಸಾನೂ ಮುಗಿಸಿದೋನಲ್ಲ. ನನ್ನ ಸಾವನ್ನೂ ಅರ್ಧಕ್ಕೆ ಬಿಟ್ಟ."

"ಆದ್ರೆ ಅಮ್ಮಾ, ಬಂಗಾರದ ಕೈ ಅಂತ ನೀನು ದಿನಾ ಬೆಂಚಿನ ಮೇಲೆ..."

"ನಾನಾ?" ಮಿನಾತ್ ಬಿಬೋ ಅಜ್ಜನ ಕಡೆ ತಿರುಗಿದಳು.

ಅಜ್ಜ ತನ್ನ ಕೋಲಿನ ತುದಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ. "ಸತ್ತ ಮನೇಲಿ ಏನಾದ್ರೂ ಒಳ್ಳೇದು ಹೇಳ್ಬೇಕಲ್ಲಮ್ಮಾ" ಎಂದ.

ತೋತ್ರಾಜ್‌ನ ಮುಖ ನೋಡಿದವರಿಗೆ ಅಯ್ಯೋ ಅನಿಸಿತು. ಮಿನಾತ್‌ಗೂ ಅನಿಸಿರಬೇಕು, ಅವನ ಮೂಗಿಗೆ ಮೆತ್ತಿದ್ದ ಹಿಟ್ಟನ್ನು ತಲೆವಸ್ತ್ರದ ತುದಿಯಿಂದ ಒರೆಸಿದಳು. ಆದರೆ ಒರೆಸುತ್ತಲೇ ಅಪ್ಪಣೆ ಹೊರಡಿಸಿದಳು. "ನನಗೋಸ್ಕರ ಅತ್ತ ಜನ ಬರೀ ಹೊಟ್ಟೇಲಿ ಹೋಗೋ ಹಾಗಿಲ್ಲ. ಐದು ಮೇಜು ಹಾಕಿದೆ. ಮೇಜಿಗೆ ಮೂರರಂತೆ ಹದಿನೈದು ರೊಟ್ಟಿ ಆಗ್ಲಿ."

"ನಾವೆಲ್ಲ ಸೇರಿದ್ರೆ ಎಷ್ಟು ಹೊತ್ತಿನ ಕೆಲ್ಸ?" ಎಂದು ಜಮೀರಾ ತೋಳೇರಿಸಿದಳು.

"ಊಹೂಂ! ಕೈಯಾರೆ ಅಂದಿದ್ದಾನೆ" ಎಂದಳು ಗೊಸಾದಾ, ಅವಳಿಗೆ ಆಗಲೇ ಜೀವ ಬಂದಿತ್ತು. "ನಾನು ಕಿವಿಯಾರೆ ಕೇಳಿದೀನಿ."

ಹೀಗೆ ಆ ಮಧ್ಯಾಹ್ನ ನಾಲ್ಕು ಮನೆಯ ಒಲೆಗಳು ಉರಿದವು, ಎಂಟು ಮನೆಗಳಿಂದ ಚೀಸು ಬಂತು, ನಲವತ್ತು ಕಿಟಕಿಗಳಿಂದ ಬುದ್ಧಿಮಾತು ಬಂತು, ಕೈ ಮಾತ್ರ ತೋತ್ರಾಜ್‌ನದು ಒಂದೇ ಜೊತೆ. ಕಲಸಿದ, ನಾದಿದ, ತುಂಬಿದ, ತಟ್ಟಿದ, ಒಂದೊಂದಕ್ಕೂ ಎರಡೆರಡು ಸಲ ನೋಡಿ ತೂತು ಮಾಡಿದ. ಆರನೆಯದರ ಹೊತ್ತಿಗೆ ಅಂಚು ಹರಿಯುವುದು ನಿಂತಿತು. ಹತ್ತನೆಯದನ್ನು ಜಮೀರಾ ಬೆಳಕಿಗೆ ಹಿಡಿದು ನೋಡಿದಳು, ಅದು ಅವಳದಕ್ಕಿಂತ ತೆಳುವಾಗಿತ್ತು.

ಸಂಜೆ ಬಿಸಿಲು ಇಳಿಯುವಾಗ ಬಿಬೋ ಅಜ್ಜ ಮೊದಲ ಮೇಜಿನ ಮೂರು ರೊಟ್ಟಿಯನ್ನು, ಮೇಲಿರುವ ದೇವರಿಗೆ ಎಣಿಸಲು ಕಾಣುವಂತೆ, ಒಂದಿಷ್ಟು ಸರಿಸಿಟ್ಟು ಪ್ರಾರ್ಥನೆ ಹೇಳಿದ. ಮೊದಲ ತುಂಡು ಮಿನಾತ್‌ಗೆ. ಅವಳು ಅಗಿದಳು. ಇಡೀ ಅಂಗಳ ಅವಳ ಬಾಯನ್ನೇ ನೋಡುತ್ತಿತ್ತು.

"ಉಪ್ಪು ಕಡಿಮೆ" ಎಂದಳು. ಆದರೆ ಯಾರೂ ಕೊಡದೆ ತಾನೇ ಕೈ ಚಾಚಿ ಇನ್ನೊಂದು ತುಂಡು ತೆಗೆದುಕೊಂಡಳು. ತೋತ್ರಾಜ್ ಅದನ್ನು ನೋಡಿದ. ಅವನಿಗೆ ಅಷ್ಟು ಸಾಕಾಗಿತ್ತು.

ಆಗಲೇ ಐದನೆಯ ಮೇಜಿನಿಂದ ಚೀತ್ಕಾರ ಕೇಳಿಸಿತು. ಮೇಜಿನ ಮೊದಲ ಜಾಗದಲ್ಲಿ ಗೊಸಾದಾ ಬಿಳಿಚಿಕೊಂಡು ಕೂತಿದ್ದಳು. ಕೊನೆಗೆ ಬಂದ ಆ ಮೇಜಿನ ತಟ್ಟೆಯಲ್ಲಿ ಎರಡೇ ರೊಟ್ಟಿ! ತೋತ್ರಾಜ್ ಬೆರಳು ಮಡಿಸಿ ಎಣಿಸಿದ. ಹದಿನಾಲ್ಕು. ಕಸದ ಡಬ್ಬಿಯಲ್ಲಿ ಪೇಪರು ಹೊದ್ದು ಮಲಗಿದ್ದ ಮೊದಲನೆಯದನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದ.

"ನನಗಿಟ್ಟೆಯೇನೋ ಪಾಪೀ!" ಎಂದು ಗೊಸಾದಾ ಎದೆ ಹಿಡಿದುಕೊಂಡಳು. "ನಾನಿನ್ನು ಬೆಳಗು ಕಾಣಲ್ಲ!"

ಅವಳ ಸಂಕಟ ತೋತ್ರಾಜ್‌ಗೆ ನೋಡಲಾಗಲಿಲ್ಲ. ಅಂಗಳದ ನಡುವೆ ನಿಂತು ಎರಡೂ ಕೈ ಎತ್ತಿದ. "ಹೆದರ್ಬೇಡ ಗೊಸಾದಕ್ಕಾ! ನಾಳೆ ಬೆಳಿಗ್ಗೆ ನೀನು ಕಿಟಕಿಗೆ ಬಂದು ಕೂತ್ರೆ, ದೇವರಾಣೆ, ನನ್ನ ಕೈಯಾರೆ..."

ಮಿನಾತ್ ಮಗನ ಬಾಯಿ ಮುಚ್ಚಲು ಹೊಲಿಗೆಯನ್ನೂ ಮರೆತು ಎದ್ದಳು. ಆದರೆ ಅಷ್ಟರಲ್ಲಿ ಅವನು ಹದಿನೈದು ಎಂದೂ ಹೇಳಿಯಾಗಿತ್ತು.

ಮರುದಿನ ಬೆಳಿಗ್ಗೆ ಆರಕ್ಕೇ ಗೊಸಾದಾಳ ಕಿಟಕಿ ತೆರೆಯಿತು.